ತಂತಿ ಎತ್ತಿ ಹಿಡಿದವನು

ದಸರೆಯ ದಿನ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಆಪ್ಟಾ ಎಲೆ ರಾಶಿ ರಾಶಿಯಾಗಿ ಸಿಗುತ್ತದೆ. ಇಲ್ಲಿಯವರು ಬಂಗಾರವೆಂದು ಹಂಚುವುದು ಅದನ್ನೇ. ನಮ್ಮ ಪಕ್ಕದ ಮನೆಯ ಕಾಕಾ ಅದನ್ನು ಒಪ್ಪುವುದಿಲ್ಲ. ವಿಜಯಪುರದ ಕಡೆಯವರು, ಬನ್ನಿಯೇ ಆಗಬೇಕು. ಅಂಬರನಾಥದ ಆಚೆ ಒಂದು ಬನ್ನಿಮರ ನೋಡಿದ್ದೇನೆಂದು ಒಂದು ವರ್ಷ ದಸರೆಯ ಬೆಳಿಗ್ಗೆಯೇ ನನ್ನನ್ನು ಕರೆದೊಯ್ದರು. ಮರವೇನೋ ಇತ್ತು, ಸೇನೆಯ ಜಾಗದ ಮುಳ್ಳುತಂತಿಯ ಒಳಗೆ, ನಾಲ್ಕು ಹೆಜ್ಜೆ ದೂರದಲ್ಲಿ. ಎಚ್ಚರಿಕೆಯ ಹಲಗೆಯನ್ನು ಇಬ್ಬರೂ ಓದಿದೆವು. ನಾನು ಕೆಳಗಿನ ತಂತಿ ಎತ್ತಿ ಹಿಡಿದೆ, ಕಾಕಾ ನುಸುಳಿದರು.

ಒಂದು ಟೊಂಗೆ ಮುರಿಯುವಷ್ಟರಲ್ಲಿ ಕಾವಲಿನ ಜವಾನ ಬಂದ. ಬೈಯಲಿಲ್ಲ, ಮುಟ್ಟಲಿಲ್ಲ. ಕಾಕಾ ಅವರನ್ನು ನೆಲದ ಮೇಲೆ ಕೂರಿಸಿ, ಒಳಗೆ ಬಂದವರನ್ನು ತಡೆದು ಪೊಲೀಸರಿಗೆ ಒಪ್ಪಿಸುವುದಷ್ಟೇ ತನ್ನ ಕೆಲಸ, ಬಿಡುವುದು ತನ್ನ ಕೈಯಲ್ಲಿಲ್ಲ ಎಂದು ಹಿಂದಿಯಲ್ಲಿ ಹೇಳಿದ. ಆಮೇಲೆ ತಂತಿ ಎತ್ತಿದವರು ಯಾರೆಂದು ಕೇಳಿದ. ತಾನೇ ಎಂದರು ಕಾಕಾ. ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನೀ ಸುಮ್ಮನಿರು. ನಿಂದು ಸರಕಾರಿ ನೌಕರಿ ಅದ. ನಂದೇನು ಹೋಗ್ತದ, ಪೆನ್ಶನ್ ಕಸ್ಗೋತಾರೇನು?” ಎಂದರು.

ನಾನು ಬೇಲಾಪುರದ ಕಚೇರಿಯೊಂದರಲ್ಲಿ ಗುಮಾಸ್ತ. ಪೊಲೀಸ್ ದಾಖಲೆಯಲ್ಲಿ ನೌಕರನ ಹೆಸರು ಬಂದರೆ ಏನಾಗುತ್ತದೆಂದು ಗೊತ್ತು, ಅಂಥ ಕಡತಗಳು ನನ್ನ ಮೇಜಿನ ಮೇಲೇ ಹಾದುಹೋಗುತ್ತವೆ. ಸುಮ್ಮನಿದ್ದೆ. ಜವಾನ ವೈರ್‌ಲೆಸ್ಸಿನಲ್ಲಿ, ಒಬ್ಬ ಮುದುಕ, ಒಬ್ಬನೇ, ಎಂದು ವರದಿ ಮಾಡಿದ.

ಅರ್ಧ ಗಂಟೆಯಾದರೂ ಪೊಲೀಸರು ಬರಲಿಲ್ಲ. ಕಾಕಾ ಅವರಿಗೆ ಮೊಣಕಾಲು ನೋವು. ಕಾಲು ಚಾಚಲೇ ಎಂದು ಅವರು ಜವಾನನ ಅಪ್ಪಣೆ ಕೇಳಿದರು. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು. ಅದನ್ನು ಕೇಳಿಸಿಕೊಂಡು ನಿಲ್ಲಲು ನನಗೆ ಆಗಲಿಲ್ಲ. ತಂತಿ ಹಿಡಿದದ್ದು ನಾನು ಎಂದೆ.

ಒಬ್ಬನೆಂದು ಆಗಲೇ ತಿಳಿಸಿಯಾಗಿದೆ, ನೀನು ಬೇಲಿಯ ಹೊರಗಿದ್ದೀಯ, ಇಲ್ಲಿ ನಿಲ್ಲಬೇಡ, ರಸ್ತೆಗೆ ಹೋಗು ಎಂದ ಜವಾನ. ಒಬ್ಬನನ್ನು ಹಿಡಿದಿಡುವುದೂ ಇನ್ನೊಬ್ಬನನ್ನು ಅಲ್ಲಿಂದ ಕಳಿಸುವುದೂ ಅವನ ಕೈಯಲ್ಲಿತ್ತು. ನಾನು ಹೋದೆ.

ಪೊಲೀಸರು ಕ್ಷಮಾಪಣೆ ಪತ್ರ ಬರೆಸಿಕೊಂಡು ಮಧ್ಯಾಹ್ನ ಅವರನ್ನು ಬಿಟ್ಟರು. ಠಾಣೆಯ ಹೊರಗೆ ಕಾಯುತ್ತಿದ್ದ ನನ್ನನ್ನು ಕಾಕಾ ಕೇಳಿದ್ದು ಒಂದೇ: “ಸುಮ್ಮನಿರು ಅಂದಿದ್ನೆಲ್ಲೊ. ಯಾಕ ಹೇಳಿದಿ?”

ಹೇಳಿದ್ದು ನಿಜ. ಆದರೆ ವರದಿ ಹೋದ ಮೇಲೆ ಹೇಳಿದೆ. ಇನ್ನು ಹೇಳಿದರೂ ನನಗೇನೂ ಆಗುವುದಿಲ್ಲವೆಂದು ಆಗಲೇ ತಿಳಿದಿತ್ತೇ ಎಂಬುದು ನನಗೇ ಇವತ್ತಿಗೂ ಖಚಿತವಿಲ್ಲ.