ಪೀರಸಾಬರ ಬಲ್ಬಿನ ಪೆಟ್ಟಿಗೆ

ರಾಯಬಾಗದ ಪೇಟೆಯಲ್ಲಿ ರೇಡಿಯೊ, ಟೀವಿ ರಿಪೇರಿ ಮಾಡುತ್ತಿದ್ದ ಪೀರಸಾಬರಿಗೆ ‘ನಾಳಿ ಬರ್ರಿ’ ಅನ್ನುವುದು ಬಾಯಿಪಾಠ. ಅವರ ಅಂಗಡಿಗೆ ಕೊಟ್ಟ ರೇಡಿಯೊ ತವರಿಗೆ ಹೋದ ಸೊಸೆಯ ಹಾಗೆ, ಯಾವಾಗ ಬರುತ್ತದೋ ದೇವರೇ ಬಲ್ಲ. ಆದರೆ ನನ್ನ ಪಾಲಿಗೆ ಅವರು ಒಂದು ದಿನ ನಾಳೆ ಅನ್ನಲಿಲ್ಲ. ಆ ಋಣ ತೀರುವಂಥದ್ದಲ್ಲ.

೧೯೯೧ರ ಚಳಿಗಾಲ. ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದಳು. ದೊಡ್ಡ ಆಸ್ಪತ್ರೆಗೆ ಒಯ್ಯುವಷ್ಟು ತ್ರಾಣ ಕೂಸಿಗಿರಲಿಲ್ಲ. ಪೇಟೆಯ ಸಣ್ಣ ದವಾಖಾನೆಯ ಡಾಕ್ಟರರ ಹತ್ತಿರ ಬಲ್ಬಿನಿಂದ ಬೆಚ್ಚಗಾಗುವ ಮರದ ಪೆಟ್ಟಿಗೆಯೊಂದಿತ್ತು. ಕರೆಂಟೋ, ಒಮ್ಮೆ ಮಂದ, ಒಮ್ಮೆ ಧಗಧಗ. ಕೂಸನ್ನು ಅದರಲ್ಲಿ ಮಲಗಿಸಲು ಧೈರ್ಯ ಸಾಲದೆ ಎದೆಗವಚಿ ಕೌದಿ ಸುತ್ತಿಕೊಂಡು ಕೂತಿದ್ದೆ. ಅದರ ಕಾಲು ತಣ್ಣಗಾಗುತ್ತಲೇ ಇತ್ತು.

ಡಾಕ್ಟರರು ಹೇಳಿಕಳಿಸಿದ್ದಕ್ಕೆ ಪೀರಸಾಬರು ಒಂದು ಸರ್ಕಿಟ್ ಕಟ್ಟಿ ತಂದರು. “ಕರೆಂಟ್ ಹೆಚ್ಚಾತಂದ್ರ ಹೆಚ್ಚಿಗಿದ್ದದ್ದು ಮಗ್ಗಲಿಗೆ ಹರೀತೈತ್ರಿ ಅಕ್ಕಾರ. ಕಡಿಮಿ ಆತಂದ್ರ ಮಗ್ಗಲ ದಾರಿ ತಾನ ಸಣ್ಣ ಆಗ್ತೈತಿ. ಬಲ್ಬಿಗೆ ಮಾತ್ರ ಒಂದ ಸಮ.”

ಸ್ವಿಚ್ ಹಾಕಿದರು. ಬಲ್ಬು ಉರಿಯಿತು, ಕುಂದಿತು, ಮತ್ತೆ ಉರಿಯಿತು. ಇನ್ನೂ ಚುರುಕಾಗಿ ತಿದ್ದಲಿ ಎಂದು ಸ್ಕ್ರೂ ತಿರುಗಿಸಿದರೆ ಅದರ ಕುಣಿತ ಜೋರಾಯಿತು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. “ನಮ್ಮೂರು ದಿಗ್ಗೇವಾಡಿ ಹೊಲದಾಗ ಕಬ್ಬಿಗೆ ಹೊಸ ಆಳು ನೀರ ಬಿಟ್ಟಂಗ ಆತ್ರಿ ಇದು! ಹೊಲದ ತುದಿಗೆ ನಿಂತಾವ್ರು ಸಾಕ್ ಅಂದ್ರ ಮಗ್ಗಲ ಒಡ್ಡು ಪೂರಾ ಒಡೀತಾನ, ಬೇಕ್ ಅಂದ್ರ ಪೂರಾ ಮುಚ್ಚತಾನ!”

ಬೇರೆಯವರಾಗಿದ್ದರೆ ಬಾಣಂತಿಗೇನು ಗೊತ್ತು ಅನ್ನುತ್ತಿದ್ದರು. ಪೀರಸಾಬರು ಕೆಲಸ ಬಿಟ್ಟು ನನ್ನ ಕಡೆ ತಿರುಗಿದರು. “ಅವಗ ನೀವೇನ್ ಹೇಳತೀರಿ?”

“ಸ್ವಲ್ಪ ತಿರುವು, ನಿಂದರು, ನೋಡು ಅಂತೀನಿ. ನೀರು ತುದಿ ಮುಟ್ಟಾಕ ಹೊತ್ತು ಬೇಕಲ್ರಿ.”

“ಖರೆ ಐತ್ರಿ! ತಿದ್ದಿದ್ದು ಮುಟ್ಟೂಕಿಂತ ಮೊದಲ ಇದು ಮತ್ತ ತಿದ್ದಾಕತ್ತೈತಿ.”

ತಿದ್ದುವ ಭಾಗಕ್ಕೆ ಕರೆಂಟನ್ನು ನಿಧಾನಕ್ಕೆ ತುಂಬಿಕೊಳ್ಳುವ ಒಂದು ಕಪಾಸಿಟರ್ ಬೆಸೆದರು. ಅದು ತುಂಬಲು ಹಿಡಿಯುವಷ್ಟು ಹೊತ್ತು ಸರ್ಕಿಟ್ ಅವಸರ ಮಾಡುವಂತಿರಲಿಲ್ಲ. ಬಲ್ಬು ಒಮ್ಮೆ ತೂಗಿ, ನಿಂತಿತು. ಮಗಳನ್ನು ಒಳಗೆ ಮಲಗಿಸಿದೆವು. ಮಧ್ಯಾಹ್ನದ ಹೊತ್ತಿಗೆ ಕಾಲು ಬೆಚ್ಚಗಾಗಿ, ಹಾಲಿಗೆಂದು ಅತ್ತಳು. ಅವಳ ಜೊತೆ ನಾನೂ ಅತ್ತೆ.

ಆಮೇಲೆ ಊರೆಲ್ಲ ಅವರು ಹೇಳಿದ್ದು ಒಂದೇ ಮಾತು: “ರಿಪೇರಿ ಮಾಡಿದ್ದು ಗೌರಾಬಾಯಾರು. ನಾ ಬರೇ ಬೆಸುಗಿ ಹಾಕೀನಿ.” ಮಗಳನ್ನು ಕರೆದುಕೊಂಡು ಪೇಟೆಗೆ ಹೋದಾಗಲೆಲ್ಲ ಅವಳ ಅಂಗೈ ಹಿಡಿದು ನೋಡುತ್ತಿದ್ದರು. “ಬೆಚ್ಚಗ ಅದಿ ಇಲ್ಲವಾ?”

ಅವಳು ಶಾಲೆಯಲ್ಲಿ ಎರಡನೇ ಇಯತ್ತೆಯಲ್ಲಿದ್ದಾಗ ಪೀರಸಾಬರು ಹಾಸಿಗೆ ಹಿಡಿದರು. ನೋಡಲು ಹೋದೆವು. ಈ ಸಲ ತಣ್ಣಗಿದ್ದದ್ದು ಅವರ ಕೈ. ಮಗಳು ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಕೂತಳು. ಬಸ್ಸಿನ ಹೊತ್ತಾಯಿತು, ಏಳು ಎಂದೆ.

“ಸ್ವಲ್ಪ ತಡಿ ಬೇ ಅವ್ವಾ,” ಎಂದಳು, “ಇನ್ನೂ ಬೆಚ್ಚಗಾಗಿಲ್ಲ.”