ಮಾಂಟ್ ಕಿಯಾರಾದವರ ಮೈದಾನ, ಅವರ ನಿಯಮ

ಸುಬಾಂಗ್ ಜಯಾದ ನಮ್ಮ ಮಕ್ಕಳ ಬೇಸ್‌ಬಾಲ್ ಲೀಗು ಬೇರೆ, ಮಾಂಟ್ ಕಿಯಾರಾದವರದು ಬೇರೆ. ವರ್ಷದ ಕೊನೆಗೆ ಇಲ್ಲಿ ಗೆದ್ದವರು ಅಲ್ಲಿ ಗೆದ್ದವರ ಜೊತೆ ಒಂದು ಪಂದ್ಯ ಆಡುತ್ತಾರೆ, ಅಷ್ಟೇ ಸಂಬಂಧ. ಈ ಸಲ ಲೀಗಿನ ನಡುವೆಯೇ ಎರಡೂ ಕಡೆಯ ತಂಡಗಳನ್ನು ಎದುರುಬದುರು ಆಡಿಸೋಣ ಎಂಬ ಮಾತು ಎದ್ದಿತು. ಅದನ್ನು ತೀರ್ಮಾನಿಸಲು ಅಪ್ಪ ಅಮ್ಮಂದಿರೆಲ್ಲ ಮಾಮಕ್ ಎಂದು ಕರೆಯುವ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ಟೇಬಲ್ ಜೋಡಿಸಿ, ಚಹಾ ಹೇಳಿ ಕೂತೆವು.

ನಾನು ಖಡಾಖಂಡಿತವಾಗಿ ಬೇಡ ಎಂದೆ. ನಡುವೆಯೇ ಒಬ್ಬರನ್ನೊಬ್ಬರು ನೋಡಿಬಿಟ್ಟರೆ ಕೊನೆಯ ಪಂದ್ಯಕ್ಕೆ ಏನು ಕುತೂಹಲ ಉಳಿಯುತ್ತದೆ, ಮದುವೆ ಆಗುವ ಮೊದಲೇ ಊಟ ಬಡಿಸಿದ ಹಾಗೆ ಎಂದು ಚೆನ್ನಾಗಿಯೇ ವಾದಿಸಿದೆ. ಕೆಲವರು ತಲೆಯಾಡಿಸಿದರು. ಅದೇ ತಂಡಗಳ ಜೊತೆ ಆಡಿ ಆಡಿ ಮಕ್ಕಳಿಗೆ ಬೇಜಾರಾಗಿದೆ ಎಂದರು ಉಳಿದವರು.

ನಿಜವಾದ ಕಾರಣ ನನ್ನ ಹೊಟ್ಟೆಯೊಳಗೇ ಇತ್ತು. ಮಾಂಟ್ ಕಿಯಾರಾದ ಮಕ್ಕಳು ಎತ್ತರ, ಅವರ ಎಸೆತ ವಿಪರೀತ ವೇಗ. ನನ್ನ ಮಗಳಿಗೆ ಹದಿಮೂರು. ನಮ್ಮ ತಂಡದ ಪಿಚರ್, ಅಂದರೆ ಚೆಂಡೆಸೆಯುವವಳು. ಎಸೆಯುವಾಗ ನನಗೆ ಅಷ್ಟು ಚಿಂತೆಯಿಲ್ಲ. ಆದರೆ ನಮ್ಮ ಲೀಗಿನಲ್ಲಿ ಪಿಚರ್ ಕೂಡ ಬ್ಯಾಟ್ ಹಿಡಿಯಲೇಬೇಕು. ಹೋದ ವರ್ಷ ಹಾಗೆ ನಿಂತಿದ್ದಾಗ ಚೆಂಡು ಮೊಣಕೈಗೆ ಬಡಿದು ಪ್ಲಾಸ್ಟರ್ ಹಾಕಿಸಬೇಕಾಯಿತು. ಅವಳ ಕೈ ವಾಸಿಯಾಯಿತು, ನನ್ನ ಹೆದರಿಕೆ ವಾಸಿಯಾಗಲಿಲ್ಲ. ಅವಳು ಬ್ಯಾಟ್ ಎತ್ತಿದರೆ ಈಗಲೂ ತಂತಿಬಲೆಯ ಹಿಂದೆ ನಿಂತು, ದೂರ ನಿಲ್ಲು, ಇನ್ನೂ ದೂರ ಎಂದು ಕೂಗುತ್ತಿರುತ್ತೇನೆ.

ಅಷ್ಟರಲ್ಲಿ ನಮ್ಮ ಕೋಚ್ ಒಂದು ವಿಷಯ ಹೇಳಿದರು. ಮಾಂಟ್ ಕಿಯಾರಾ ಲೀಗಿನಲ್ಲಿ ಪಿಚರ್ ಬದಲಿಗೆ ಇನ್ನೊಬ್ಬರು ಬ್ಯಾಟ್ ಮಾಡಬಹುದಂತೆ. ಯಾರ ಮೈದಾನವೋ ಅವರ ನಿಯಮ. ನಾನು ಚಹಾದ ಲೋಟ ಕೆಳಗಿಟ್ಟೆ. ಹಾಗಾದರೆ ಆಡಿಸೋಣ, ಅವರ ಮೈದಾನದಲ್ಲೇ ಆಡಿಸೋಣ, ಮಕ್ಕಳು ಹೊಸಬರಿಂದ ಕಲಿಯಬೇಕು ಎಂದೆ. ಮದುವೆ ಊಟ ಏನಾಯಿತು ಎಂದು ಕಾರಿನಲ್ಲಿ ಹೆಂಡತಿ ಕೇಳಿದಳು. ನಾನು ರಸ್ತೆ ನೋಡುತ್ತಾ ಕಾರು ಓಡಿಸಿದೆ.

ಆಮೇಲೂ ಸಮಾಧಾನವಿರಲಿಲ್ಲ. ನಿಯಮ ಬದಲಾಗಿಲ್ಲ ತಾನೇ ಎಂದು ಕೋಚ್‌ಗೆ ಮತ್ತೆ ಮತ್ತೆ ಮೆಸೇಜ್ ಮಾಡಿದೆ. ಕೊನೆಗೆ ಅವರು ಬರೀ ಒಂದು ಹೆಬ್ಬೆರಳಿನ ಇಮೋಜಿ ಕಳಿಸಿದರು.

ಪಂದ್ಯದ ದಿನ ಬೆಳಿಗ್ಗೆ ಅವರ ಮೈದಾನ ತಲುಪಿದ ಮೇಲೆ ಮಗಳು ಕಾರಿನ ಡಿಕ್ಕಿ ತೆಗೆದು ಬ್ಯಾಟಿಂಗ್ ಹೆಲ್ಮೆಟ್ ಎತ್ತಿಕೊಂಡಳು. ಅದು ಯಾಕೆ ಎಂದು ಕೇಳಿದೆ. ನನ್ನ ಕನ್ನಡಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲೇ, ಕೊನೆಗೆ ಇಲ್ಲಿನವರ ಹಾಗೆ ಒಂದು 'ಲಾ' ಸೇರಿಸಿ.

"ಐ ಟೋಲ್ಡ್ ಕೋಚ್ ಐ ವಾಂಟ್ ಟು ಬ್ಯಾಟ್, ಪಪ್ಪಾ. ದೇರ್ ರೂಲ್ ಸೇಸ್ ಕ್ಯಾನ್, ನಾಟ್ ಮಸ್ಟ್ ಲಾ."

ಬದಲಿ ಆಟಗಾರನನ್ನು ಇಳಿಸಬಹುದು, ಇಳಿಸಲೇಬೇಕೆಂದಿಲ್ಲ. ಆ ಸಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಬೇಡ ಮಗಾ," ಎಂದೆ.

"ಮಮ್ಮಿ ಟೋಲ್ಡ್ ಮೀ ವೈ ಯು ಸೆಡ್ ಯೆಸ್," ಎಂದಳು. ಕೋಪದಿಂದೇನೂ ಅಲ್ಲ. ಡಿಕ್ಕಿ ಮುಚ್ಚಿ ಹೊರಟುಹೋದಳು.

ಅವಳ ಸರದಿ ಬಂತು. ಎದುರಿನ ಹುಡುಗ ನನಗಿಂತಲೂ ಎತ್ತರ. ಮೊದಲ ಎಸೆತ ಅವಳ ಎದೆಗೆ ತೀರಾ ಹತ್ತಿರದಿಂದ ಹೋಯಿತು. ಈ ಸಲ ಮಾತ್ರ ಬಾಯಿ ಬಿಗಿಹಿಡಿದಿದ್ದೆ. ಅವಳು ಹಿಂದೆ ಸರಿದು, ತಕ್ಷಣ ತಂತಿಬಲೆಯ ಕಡೆ ತಿರುಗಿ ನನ್ನನ್ನು ಹುಡುಕಿದಳು. ನಾನು ಕೈ ಬೀಸಿದೆ, ನಕ್ಕೆ ಅಂದುಕೊಂಡಿದ್ದೇನೆ. ಅವಳಿಗೆ ನಂಬಿಕೆ ಬರಲಿಲ್ಲ. ಆ ಹುಡುಗ ಮತ್ತೆ ತಯಾರಾಗುತ್ತಿದ್ದ, ಅವಳ ಕಣ್ಣು ಮತ್ತೆ ನನ್ನ ಮೇಲೆಯೇ. ಚೆಂಡು ನೋಡಬೇಕಾದವಳು ನನ್ನ ಮುಖ ನೋಡುತ್ತಿದ್ದಳು, ಪಪ್ಪಾ ಹೆದರಿಬಿಟ್ಟರೋ ಏನೋ ಎಂದು.

ನಾನು ಅಲ್ಲಿಂದ ಸರಿದು ಕಾರು ನಿಲ್ಲಿಸಿದ ಕಡೆ ನಡೆದೆ. ಎಷ್ಟು ದೂರಕ್ಕೆ ನನ್ನ ಮುಖ ಕಾಣುವುದಿಲ್ಲವೋ ಅಷ್ಟು ದೂರ. ಹಿಂದೆ ಟಣ್ ಎಂದು ಸದ್ದಾಯಿತು. ಚೆಂಡು ಬಡಿದದ್ದು ಬ್ಯಾಟಿಗೋ, ಹೆಲ್ಮೆಟ್ಟಿಗೋ. ಜನ ಒಮ್ಮೆಲೇ ಕೂಗಿದರು. ಅದು ಸಂತೋಷವೋ ಗಾಬರಿಯೋ ಅಲ್ಲಿಗೆ ತಿಳಿಯುವಂತಿರಲಿಲ್ಲ. ಓಡಿಹೋಗಿ ನೋಡಲು ಕಾಲು ಎಳೆಯಿತು. ಹೋದರೆ ಮತ್ತೆ ನನ್ನನ್ನೇ ನೋಡುತ್ತಾಳೆ. ಕಾರಿನ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ನಿಂತೆ.