ಸವೆದ ಕೊಂಡಿ

ಬ್ಯಾಂಕಿನ ಕಾವಲುಗಾರ ತನ್ನದೇ ಬಂದೂಕಿನ ಗುಂಡಿಗೆ ಸತ್ತಾಗ ಊರೆಲ್ಲ ಆತ್ಮಹತ್ಯೆ ಎಂದಿತು. ಹೆಂಡತಿಯೂ ಅದನ್ನೇ ನಂಬಿ, ಸಿಟ್ಟಿನಲ್ಲಿ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಮಗಳು ಅಪ್ಪನ ಮಾತೆತ್ತಿದರೆ, "ನಡುನೀರಲ್ಲಿ ಕೈಬಿಟ್ಟೋರ ಸುದ್ದಿ ನಂಗೆ ಬೇಡ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಕೆಲವು ತಿಂಗಳ ಮೇಲೆ ಪ್ರಯೋಗಾಲಯದ ಬಂದೂಕು ತಜ್ಞ ಅವಳನ್ನು ಕರೆಸಿ ಕೂರಿಸಿ, ಬಿಚ್ಚಿಟ್ಟ ಭಾಗಗಳ ನಡುವಿನಿಂದ ಉಗುರಿನಷ್ಟು ಚಿಕ್ಕ ಕೊಂಡಿಯೊಂದನ್ನು ಎತ್ತಿ ತೋರಿಸಿದ.

"ಗುಂಡಿಗೆ ಬಡಿಯೋ ಸುತ್ತಿಗೆನ ತಡೆದಿಡೋದು ಇದೇ ಅಮ್ಮ. ಪೂರ್ತಿ ಸವೆದಿದೆ. ಬಂದೂಕು ಕೈಜಾರಿ ಬಿದ್ರೆ ಸಾಕು, ಟ್ರಿಗರ್ ಮುಟ್ಟದೇನೇ ಗುಂಡು ಹಾರುತ್ತೆ. ಅವರ ಗಾಯಾನೂ ಅದನ್ನೇ ಹೇಳುತ್ತೆ."

"ಹಾಗಾದ್ರೆ ಅವರು ನಮ್ಮನ್ನ ಬಿಟ್ಟು ಹೋಗಿದ್ದಲ್ವಾ?"

"ಅಲ್ಲಮ್ಮ."

ಅವಳು ಕುಳಿತಲ್ಲೇ ಮುಖ ಮುಚ್ಚಿಕೊಂಡು, ಗಂಡ ಆಗತಾನೆ ಸತ್ತನೆಂಬಂತೆ ಗೋಳೋ ಎಂದು ಅತ್ತಳು.